ಮಂಜರಾಬಾದ್ ದಾರಿಯಲ್ಲಿ ಕೇಳಿದ ಸದ್ದು

ನೀವು ಮನೆಮಂದಿಯೊಂದಿಗೆ ಕಾರಿನಲ್ಲಿ ದೂರ ಪ್ರಯಾಣ ಹೋಗುವವರೇ? ಹಾಗಾದರೆ ಈ ಅನುಭವವನ್ನು ಓದಿ. ನಾವು ಹೊರಟದ್ದು ಕೋಟೆ ನೋಡಲು. ಕಲಿತು ಬಂದದ್ದು ಮಾತ್ರ ಬೇರೆಯೇ ಪಾಠ.

2019ರ ದಸರಾ ರಜೆ. ನನ್ನ ತಮ್ಮ ಆಗಷ್ಟೇ ಏಳು ಸೀಟಿನ ದೊಡ್ಡ ಎಸ್‌ಯುವಿಯೊಂದನ್ನು ಖರೀದಿಸಿದ್ದ. ಅದು ಸೆಕೆಂಡ್ ಹ್ಯಾಂಡ್, ಆದರೆ ನೋಡಲು ಹೊಸದರಂತೆಯೇ ಇತ್ತು. ಉಮ್ಮ, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು, ನಾನು ಮತ್ತು ನನ್ನ ಮಗಳು ಸುಬ್‌ಹ್ ನಮಾಝ್ ಮುಗಿಸಿ ಮಂಗಳೂರಿನಿಂದ ಹೊರಟೆವು. ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ ನೋಡಬೇಕೆಂಬುದು ಶಾಲೆಯಲ್ಲಿ ಇತಿಹಾಸ ಕಲಿಸುವ ನನ್ನ ಬಹುಕಾಲದ ಆಸೆಯಾಗಿತ್ತು.

ಬಿ.ಸಿ. ರೋಡ್ ದಾಟುತ್ತಿದ್ದಂತೆ ಉಮ್ಮ ಹೇಳಿದರು: "ಮೋನೇ, ನನ್ನ ಕಾಲಡಿಯಲ್ಲಿ ಏನೋ ಗುಂಯ್ ಅಂತ ಉಂಟಲ್ಲ?"

"ಡೀಸೆಲ್ ಗಾಡಿ ಉಮ್ಮಾ, ಟೈರೂ ದೊಡ್ಡದು. ಸದ್ದು ಇದ್ದೇ ಇರುತ್ತದೆ" ಎಂದ ತಮ್ಮ. ಮಕ್ಕಳು ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ.

ಉಪ್ಪಿನಂಗಡಿ, ನೆಲ್ಯಾಡಿ ಕಳೆಯಿತು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತಿತ್ತು. "ಕಡೆಯುವ ಕಲ್ಲಿಗೆ ಮರಳು ಬಿದ್ದ ಹಾಗೆ ಕೇಳುತ್ತದೆ" ಎಂದರು ಉಮ್ಮ. ಗುಂಡ್ಯದಲ್ಲಿ ಚಹಾ ಕುಡಿದು ಘಾಟಿ ಏರತೊಡಗಿದೆವು. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಹರಿಯುವ ಕೆಂಪುಹೊಳೆ. ಕಣ್ಣಿಗೆ ಹಬ್ಬ. ಈ ಘಾಟಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಸಿದ್ದರು. "ನೋಡಿ, ಇದು ಕಾಂಕ್ರೀಟ್ ರಸ್ತೆಯ ಸದ್ದು" ಎಂದು ತಮ್ಮ ಸಮಾಧಾನ ಹೇಳಿದ. "ಬಿ.ಸಿ. ರೋಡಿನಲ್ಲಿ ಡಾಂಬರು ಇತ್ತಲ್ಲ? ಅಲ್ಲಿಯೂ ಕೇಳಿತಲ್ಲ?" ಎಂದು ಉಮ್ಮ ಕೇಳಿದಾಗ ಅವನಲ್ಲಿ ಉತ್ತರವಿರಲಿಲ್ಲ.

ಆಗ ನಾನೂ ಕಿವಿಗೊಟ್ಟೆ. ಘಾಟಿಯ ತಿರುವುಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಗಾಡಿ ಬಲಕ್ಕೆ ತಿರುಗುವಾಗ ಸದ್ದು ಜೋರಾಗುತ್ತಿತ್ತು, ಎಡಕ್ಕೆ ತಿರುಗುವಾಗ ಕಡಿಮೆಯಾಗುತ್ತಿತ್ತು. ಹೆಗ್ಗದ್ದೆ ದಾಟಿದ ಮೇಲೂ ಅದೇ ಸದ್ದು. ನನ್ನ ಎದೆ ಡವಗುಟ್ಟತೊಡಗಿತು. ಗಾಡಿಯಲ್ಲಿ ಮೂವರು ಮಕ್ಕಳು, ವಯಸ್ಸಾದ ತಾಯಿ. ಇದೇ ಘಾಟಿಯನ್ನು ಸಂಜೆ ಇಳಿಯಬೇಕು!

ದೋಣಿಗಾಲ್ ಬಳಿ ಗಾಡಿ ನಿಲ್ಲಿಸಿದಾಗ ನಾನು ತಮ್ಮನಿಗೆ ಚಕ್ರಗಳನ್ನು ನೋಡುವಂತೆ ಒತ್ತಾಯಿಸಿದೆ. ಅವನು ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ, ಮುಟ್ಟದೆ, ಅಂಗೈ ಹಿಡಿದ. ಮೂರು ಬೆಚ್ಚಗಿದ್ದವು. ಮುಂದಿನ ಎಡ ಚಕ್ರದಿಂದ ಒಲೆಯ ಝಳದಂತೆ ಶಾಖ, ಜೊತೆಗೆ ಸುಟ್ಟ ಗ್ರೀಸಿನ ವಾಸನೆ. ಅವನ ಮುಖ ಬಿಳಿಚಿತು.

ಗಾಡಿ ತಣಿಯುವವರೆಗೆ ಕೋಟೆ ನೋಡಿ ಬರೋಣವೆಂದು ಮೆಟ್ಟಿಲು ಹತ್ತಿದೆವು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆಗಳು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂಜು ಸರಿದಾಗ ಬೆಟ್ಟಗಳ ಸಾಲು ಕಾಣುತ್ತಿತ್ತು. ಮಕ್ಕಳು ಗೋಡೆಯ ಮೇಲೆ ಓಡಾಡಿದರು. ನನಗೆ ಮಾತ್ರ ಕೆಳಗೆ ನಿಲ್ಲಿಸಿದ ಗಾಡಿಯದೇ ಚಿಂತೆ.

ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ಸಕಲೇಶಪುರಕ್ಕೆ ನಿಧಾನವಾಗಿ ಗಾಡಿ ಓಡಿಸಿದೆವು. ಪೇಟೆಯ ಸಣ್ಣ ಗ್ಯಾರೇಜಿನ ವಯಸ್ಸಾದ ಮೆಕ್ಯಾನಿಕ್ ಬಾನೆಟ್ ತೆರೆಯಲೇ ಇಲ್ಲ. ಮೊದಲು ಪ್ರಶ್ನೆ ಕೇಳಿದರು. ಗಾಡಿ ನಿಂತಾಗ ಸದ್ದು ಇದೆಯಾ? ಓಡುವಾಗ ಮಾತ್ರವಾ? ಬ್ರೇಕ್ ಹಾಕಿದರೆ ಬದಲಾಗುತ್ತಾ? ಯಾವ ಕಡೆ ತಿರುಗಿದರೆ ಜಾಸ್ತಿ? ಗಾಡಿ ಓಡಿಸಿದ ತಮ್ಮ ತಡವರಿಸಿದ. ಉತ್ತರ ಕೊಟ್ಟದ್ದು ಉಮ್ಮ ಮತ್ತು ನಾನು. "ಅಮ್ಮಾ, ನೀವು ಅರ್ಧ ಕೆಲಸ ಮುಗಿಸಿದಿರಿ" ಎಂದು ಅವರು ನಕ್ಕರು.

ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಎಡ ಬದಿಯ ಬೇರಿಂಗ್ ಮೇಲೆ ಸಂಶಯ ಪಡಬೇಕು ಎಂದು ವಿವರಿಸಿದರು. ಜಾಕ್ ಹಾಕಿ ಆ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಟಕ್ ಟಕ್ ಎಂದಿತು. ಚಕ್ರ ತಿರುಗಿಸುತ್ತಾ ಸ್ಪ್ರಿಂಗ್ ಮೇಲೆ ನನ್ನ ಮಗಳ ಕೈ ಇಡಿಸಿದರು. "ಮರಳು ಅರೆದ ಹಾಗೆ ಆಗ್ತದೆ" ಎಂದಳು ಅವಳು. ಉಮ್ಮ ಹೇಳಿದ ಅದೇ ಮಾತು!

ಬೇರಿಂಗ್ ಎಂದರೆ ಚಕ್ರದ ನಡುವೆ ಗ್ರೀಸಿನಲ್ಲಿ ಉರುಳುವ ಉಕ್ಕಿನ ಗುಂಡುಗಳ ಬಳೆ. ಒಳಗೆ ನೀರು ಹೋದರೆ ಗ್ರೀಸ್ ಕೆಟ್ಟು, ತುಕ್ಕು ಹಿಡಿದು, ಗುಂಡುಗಳು ಸವೆಯುತ್ತವೆ. ಈ ಗಾಡಿ ಹಿಂದೆಂದೋ ನೀರಿನಲ್ಲಿ ನಿಂತಿರಬೇಕೆಂದು ಅವರು ಊಹಿಸಿದರು. ಎರಡು ಟನ್ನಿಗೂ ಹೆಚ್ಚು ತೂಕದ ಗಾಡಿ, ಮೇಲೆ ಏಳು ಜನ. ಹೀಗೆಯೇ ಘಾಟಿ ಇಳಿದಿದ್ದರೆ ಚಕ್ರ ಬಿಗಿದುಕೊಳ್ಳಬಹುದಿತ್ತು, ಕಳಚಿಯೂ ಹೋಗಬಹುದಿತ್ತು. ಹಾಸನದಿಂದ ಬೇರಿಂಗ್ ಬರುವಾಗ ಮರುದಿನವಾಯಿತು. ಆ ರಾತ್ರಿ ಲಾಡ್ಜಿನಲ್ಲಿ ಉಳಿದೆವು.

ಕಾಯುವ ಹೊತ್ತಿನಲ್ಲಿ ಅವರು ಹೇಳಿಕೊಟ್ಟದ್ದನ್ನು ನಿಮಗೂ ತಿಳಿಸುತ್ತೇನೆ. ಗಾಡಿ ನಿಂತಿರುವಾಗಲೇ ನಡುಗಿದರೆ ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ನೋಡಿಸಿ. ಗಂಟೆಗೆ 80-100 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರಗಳ, ಸೀಟು ನಡುಗಿದರೆ ಹಿಂದಿನ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಹಾಕಿದಾಗ ಮಾತ್ರ ನಡುಕವಾದರೆ ಬ್ರೇಕ್ ಡಿಸ್ಕ್ ತೋರಿಸಿ. ಆಕ್ಸಿಲರೇಟರ್ ಒತ್ತಿದಾಗ ನೆಲದಡಿ ನಡುಕ, ಗೇರ್ ಬದಲಿಸಿದಾಗ 'ಟಣ್' ಎಂಬ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಸವೆದಿರಬಹುದು. ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಅದು ಹೆಚ್ಚಾಗಿ ಟೈರಿನದು. ಟೈರಿನ ಮೇಲೆ ಕೈಯಾಡಿಸಿದರೆ ಏರುತಗ್ಗಾಗಿ ಸವೆದದ್ದು ತಿಳಿಯುತ್ತದೆ. ನಾಲ್ಕೂ ಚಕ್ರಗಳಿಗೆ ಇಂಜಿನ್ ಬಲ ಹೋಗುವ ಗಾಡಿಯಾದರೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಲಿ.

ಸಹೋದರಿಯರೇ, ಇದೆಲ್ಲ ಗಂಡಸರ ವಿಷಯವೆಂದು ಪುಟ ತಿರುಗಿಸಬೇಡಿ. ಓಡಿಸುವವರ ಗಮನ ರಸ್ತೆಯ ಮೇಲಿರುತ್ತದೆ. ಹಿಂದೆ ಕುಳಿತ ನಮಗೆ ಕೇಳಿಸಿಕೊಳ್ಳಲು ಬಿಡುವಿದೆ. ಕುಕ್ಕರಿನ ಸೀಟಿಯಲ್ಲಿ, ಮಗುವಿನ ಕೆಮ್ಮಿನಲ್ಲಿ ವ್ಯತ್ಯಾಸ ಗುರುತಿಸುವ ಕಿವಿ ನಮ್ಮದು. ಸದ್ದು ಯಾವಾಗ, ಎಷ್ಟು ವೇಗದಲ್ಲಿ, ಯಾವ ಬದಿಯಿಂದ ಬರುತ್ತದೆಂದು ಹೇಳಲು ಡ್ರೈವಿಂಗ್ ಬರಬೇಕಾಗಿಲ್ಲ. ಹೇಳಿದಾಗ ನಕ್ಕರೆ ಇನ್ನೊಮ್ಮೆ ಹೇಳಿ. ಉಮ್ಮ ಮೂರು ಸಲ ಹೇಳಿದ್ದರು. ಮೂರನೆಯ ಸಲ ನಾವು ಕೇಳಿಸಿಕೊಂಡೆವು.

ಮರುದಿನ ಮಧ್ಯಾಹ್ನ ಘಾಟಿ ಇಳಿಯುವಾಗ ಗಾಡಿಯೊಳಗೆ ಎಂಥ ನಿಶ್ಶಬ್ದ! ಕೆಂಪುಹೊಳೆಯ ಹತ್ತಿರ ತಮ್ಮ ಕನ್ನಡಿಯಲ್ಲಿ ಹಿಂದೆ ನೋಡಿ ಕೇಳಿದ: "ಉಮ್ಮಾ, ಸದ್ದು ಉಂಟಾ?"

ಉಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟರು. "ಇಲ್ಲ ಮೋನೇ, ಅಲ್‌ಹಮ್ದುಲಿಲ್ಲಾಹ್. ಇನ್ನು ಹೋಗು" ಎಂದರು.

ಈಗಲೂ ಎಲ್ಲಿಗಾದರೂ ಹೊರಟರೆ ಹತ್ತು ಕಿಲೋಮೀಟರ್ ದಾಟಿದ ಕೂಡಲೇ ಅವನು ಅದೇ ಪ್ರಶ್ನೆ ಕೇಳುತ್ತಾನೆ. ಮಕ್ಕಳು ಈಗ ನಗುವುದಿಲ್ಲ.