ದಿಬ್ಬಣದ ಬಸ್ಸು

ಲಂಡನ್ನಿನ ಹಳೆಯ ಮೇರಿಲಬೋನ್ ಪುರಭವನದಲ್ಲಿ ಮದುವೆ ನೋಂದಾಯಿಸಿಕೊಂಡು ಮೆಟ್ಟಿಲಿಳಿಯುವ ಹೊಸ ಜೋಡಿಗಾಗಿ ಎಷ್ಟೋ ಸಲ ಹಳೆಯ ಕೆಂಪು ಡಬ್ಬಲ್ ಡೆಕ್ಕರ್ ಬಸ್ಸೊಂದು ಕಾದಿರುತ್ತದಂತೆ. ರೂಟ್‌ಮಾಸ್ಟರ್ ಎಂದು ಅದರ ಹೆಸರು. 1956ರಲ್ಲಿ ರಸ್ತೆಗಿಳಿದ ಆ ಬಸ್ಸು 2005ರ ಡಿಸೆಂಬರಿನಲ್ಲಿ ದಿನನಿತ್ಯದ ದುಡಿಮೆಯಿಂದ ನಿವೃತ್ತಿಯಾಯಿತು. ಈಗ ಅಲ್ಲಿನವರು ಅದನ್ನು ಬಾಡಿಗೆಗೆ ಹಿಡಿದು, ರಿಬ್ಬನ್ ಕಟ್ಟಿ, ನೆಂಟರಿಷ್ಟರನ್ನೆಲ್ಲ ತುಂಬಿಕೊಂಡು ಊಟಕ್ಕೆ ಹೊರಡುತ್ತಾರೆ.

ಕೇಳಿ ನನಗೆ ನಗು ಬಂತು. ಇದು ನಮ್ಮ ಕೊಣನೂರಿನ ದಿಬ್ಬಣದ ಬಸ್ಸೇ ಅಲ್ಲವೇ! ರಿಬ್ಬನ್ನಿನ ಬದಲು ಬಾಳೆಕಂದು, ಮಾವಿನ ಸೊಪ್ಪು. ಗಾಜಿನ ಮೇಲೆ ವಧೂವರರ ಹೆಸರಿನ ಚೀಟಿ. ಎಂಜಿನ್ನು ಡ್ರೈವರ ಪಕ್ಕದಲ್ಲೇ. ಅದರ ಬಿಸಿ ಮುಚ್ಚಳದ ಮೇಲೆ ಕಂಬಳಿ ಹಾಸಿ ಮಕ್ಕಳನ್ನು ಕೂರಿಸುತ್ತಿದ್ದರು. ಕಾವೇರಿ ದಡದಿಂದ ಹೊರಟ ಬಸ್ಸು ಅರಕಲಗೂಡು ದಾಟಿ, ಹೇಮಾವತಿ ದಡದ ಹೊಳೆನರಸೀಪುರ ಸೇರುವಷ್ಟರಲ್ಲಿ ಸೋಬಾನೆ ಪದ ಹೇಳಿ ಹೆಂಗಸರ ಗಂಟಲು ಕಟ್ಟಿರುತ್ತಿತ್ತು.

ಪದ ಎತ್ತಿಕೊಡುತ್ತಿದ್ದವರು ನಮ್ಮ ಸೋದರತ್ತೆ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಧಾರೆಯ ಹೊತ್ತಿಗೆ ಯಾರೂ ಹೇಳದಿದ್ದರೂ ಕಂಬದ ಮರೆಗೆ ಸರಿದು ನಿಲ್ಲುತ್ತಿದ್ದರು. ಆದರೆ ಬಸ್ಸಿನಲ್ಲಿ ಕಂಬವೆಲ್ಲಿ, ಮರೆಯೆಲ್ಲಿ? ಅಲ್ಲಿ ಅವರದೇ ರಾಜ್ಯ.

ನೆಂಟರಲ್ಲಿ ಮದುವೆಯೆಂದರೆ ಅತ್ತೆ ಕೇಳುತ್ತಿದ್ದುದು ಒಂದೇ ಮಾತು: "ಬಸ್ಸು ಎಷ್ಟೊತ್ತಿಗವ್ವ?" ನಾನು ಬರಲೇ, ನನಗೆ ಜಾಗವಿದೆಯೇ ಎಂದು ಕೇಳಬೇಕಾದ ಪ್ರಸಂಗವೇ ಇರಲಿಲ್ಲ. ಬಸ್ಸೆಂದ ಮೇಲೆ ಎಲ್ಲರದೂ.

ಈಗ ಮನೆಗೊಂದು ಕಾರು. ಹೋದ ವರ್ಷ ನೆಂಟರ ಮದುವೆಗೆ ಎಂಟು ಕಾರು ಹೊರಟವು. ಫೋನಿನಲ್ಲಿ ಅತ್ತೆಯ ಪ್ರಶ್ನೆ ಬದಲಾಗಿತ್ತು: "ನಾನು ಯಾರ ಕಾರಲ್ಲಿ ಬರ್ಲವ್ವ?" ಅವರ ಕಾರಿನಲ್ಲಿರಬಹುದು ಎಂದು ಇವರು, ಇವರದರಲ್ಲಿರಬಹುದು ಎಂದು ಅವರು. ಅತ್ತೆ ರೇಷ್ಮೆ ಸೀರೆಯುಟ್ಟು ಜಗಲಿಯಲ್ಲೇ ಉಳಿದರು.

"ಬಸ್ಸಿನಲ್ಲಿ ಬರಬಹುದಿತ್ತಲ್ಲ, ಹೆಂಗಸರಿಗೆ ಟಿಕೆಟ್ಟೂ ಇಲ್ಲ" ಎಂದರು ಒಬ್ಬರು. ನಿಜ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಪ್ರಯಾಣ ಉಚಿತ. ಅತ್ತೆ ಧರ್ಮಸ್ಥಳಕ್ಕೆ ಯಾರ ಹಂಗಿಲ್ಲದೆ ಹೋಗಿಬಂದಿದ್ದಾರೆ. ಆದರೆ ದೇವರ ಮುಂದೆ ಒಬ್ಬರೇ ನಿಲ್ಲುವುದು ಬೇರೆ, ಮದುವೆ ಛತ್ರದ ಬಾಗಿಲಲ್ಲಿ ಒಬ್ಬರೇ ಇಳಿಯುವುದು ಬೇರೆ. ಅದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಮಾಘದಲ್ಲಿ ನಮ್ಮ ಮನೆಯಲ್ಲೇ ಮದುವೆ. ಸಾರಿಗೆ ನಿಗಮದವರು ಒಪ್ಪಂದದ ಮೇಲೆ ಬಸ್ಸು ಕೊಡುತ್ತಾರೆ. ಒಂದು ಗೊತ್ತುಮಾಡೋಣ ಎಂದಿದ್ದೇನೆ. "ಎಲ್ಲರಿಗೂ ಕಾರಿದೆ, ಅರ್ಧ ಬಸ್ಸು ಖಾಲಿ ಹೋಗುತ್ತೆ" ಎಂಬುದು ಯಜಮಾನರ ಲೆಕ್ಕ. ಹೋಗಲಿ ಬಿಡಿ. ಕಾರಿಲ್ಲದವರು ನಾಲ್ಕು ಜನ ಹತ್ತಿದರೂ ಸಾಕು. ಮುಂದಿನ ಸೀಟು ಮಾತ್ರ ಅತ್ತೆಗೆ.