ಕಡಾರದ ಕಲ್ಲುಗಳು

ದಿನಗಟ್ಟಲೆ ನೀರನ್ನಲ್ಲದೆ ಬೇರೇನನ್ನೂ ಕಾಣದ ನಾವಿಕನಿಗೆ ನೆಲದ ಮೊದಲ ಸುಳಿವು ಕೊಡುವುದು ಮರವೂ ಅಲ್ಲ, ಮನೆಯೂ ಅಲ್ಲ; ಮುಗಿಲಿಗೆ ತಲೆಯೊಡ್ಡಿ ನಿಂತ ಬೆಟ್ಟ. ಬಂಗಾಳ ಕೊಲ್ಲಿಯನ್ನು ದಾಟಿ ಮೂಡಣಕ್ಕೆ ಹೊರಟ ಭಾರತದ ಹಡಗುಗಳಿಗೆ ಅಂಥ ಗುರುತಾಗಿ ನಿಂತದ್ದು ಜೆರಾಯ್ ಪರ್ವತ. ಮಲೇಷಿಯದ ವಾಯವ್ಯ ಕರಾವಳಿಯ ಕೆಡಾ ರಾಜ್ಯದಲ್ಲಿ, ಕಡಲಿನ ಮಗ್ಗುಲಲ್ಲೇ 1,217 ಮೀಟರ್ ಎತ್ತರಕ್ಕೆ ಎದ್ದಿರುವ ಈ ಬೆಟ್ಟ ಇಂದಿಗೂ ಅಂತೆಯೇ ನಿಂತಿದೆ. ಅದನ್ನು ಅರಸಿ ಬರುವ ಹಾಯಿಹಡಗುಗಳು ಮಾತ್ರ ಇಲ್ಲ.

ಇಂದಿನ ಪ್ರವಾಸಿಗರು ಬಹುಮಟ್ಟಿಗೆ ವಿಮಾನದಲ್ಲಿ ಬಂದು ಇದೇ ರಾಜ್ಯಕ್ಕೆ ಸೇರಿದ ಲಂಕಾವಿ ದ್ವೀಪದಲ್ಲಿ ಇಳಿಯುತ್ತಾರೆ. ಅವರ ಆಯ್ಕೆಯಲ್ಲಿ ತಪ್ಪೇನೂ ಇಲ್ಲ. ತೊಂಬತ್ತೊಂಬತ್ತು ದ್ವೀಪಗಳೆಂದು ವಾಡಿಕೆಯಲ್ಲಿ ಎಣಿಸುವ ಆ ಸಮೂಹದಲ್ಲಿ ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಿಂದಾದ ಮಚಿಂಚಾಂಗ್ ಬೆಟ್ಟಸಾಲಿದೆ. ಕಿಲಿಮ್ ನದಿಯ ಕಾಂಡ್ಲಾ ಕಾಡಿನ ಮೇಲೆ ಸುತ್ತುವ ಗರುಡಗಳಿವೆ. 2007ರಲ್ಲಿ ಯುನೆಸ್ಕೋ ಸಂಸ್ಥೆಯ ಬೆಂಬಲದ ಭೂಉದ್ಯಾನಗಳ ಸಾಲಿಗೆ ಲಂಕಾವಿ ಸೇರಿತು.

ಆದರೆ ದ್ವೀಪದ ಜನರ ನಾಲಗೆಯ ಮೇಲಿರುವುದು ಬೆಟ್ಟಗಳ ವಯಸ್ಸಲ್ಲ, ಮಹ್ಸೂರಿಯೆಂಬ ಹೆಣ್ಣುಮಗಳ ಕಥೆ. ಇಲ್ಲದ ಅಪವಾದ ಹೊತ್ತು ಕಠಾರಿಗೆ ಬಲಿಯಾದ ಆಕೆಯ ಮೈಯಿಂದ ಬಿಳಿಯ ರಕ್ತ ಹರಿಯಿತಂತೆ. ಏಳು ತಲೆಮಾರು ಈ ದ್ವೀಪಕ್ಕೆ ಏಳಿಗೆಯಿಲ್ಲವೆಂದು ಆಕೆ ಶಪಿಸಿದಳಂತೆ. 1821ರಲ್ಲಿ ಸಯಾಮಿನ ಸೇನೆ ದಂಡೆತ್ತಿ ಬಂದಾಗ, ಶತ್ರುವಿಗೆ ದಕ್ಕಬಾರದೆಂದು ಜನರೇ ತಮ್ಮ ಅಕ್ಕಿಯ ರಾಶಿಗೆ ಬೆಂಕಿಯಿಟ್ಟರೆನ್ನುತ್ತಾರೆ. ಆ ಸುಟ್ಟಕ್ಕಿಯ ನೆಲ ಪಾದಂಗ್ ಮತ್‌ಸಿರಾತ್. ಇಂದಿನ ವಿಮಾನ ನಿಲ್ದಾಣವಿರುವುದೂ ಅಲ್ಲಿಯೇ!

ದ್ವೀಪವನ್ನು ಬಿಟ್ಟು ದೋಣಿಯಲ್ಲಿ ಒಳನಾಡಿಗೆ ಬಂದರೆ ಕಣ್ಣು ಹಾಯುವವರೆಗೂ ಬತ್ತದ ಗದ್ದೆಗಳು. ಮಲೇಷಿಯದ ಅನ್ನದ ಬಟ್ಟಲೆಂದು ಕೆಡಾ ಹೆಸರಾಗಿದೆ. ರಾಜಧಾನಿ ಅಲೋರ್ ಸೆತಾರಿನಲ್ಲಿ, 1912ರಲ್ಲಿ ಕಟ್ಟಲಾರಂಭಿಸಿದ ಜಾಹಿರ್ ಮಸೀದಿಯ ಐದು ಕಪ್ಪು ಗುಮ್ಮಟಗಳು ಇಸ್ಲಾಮಿನ ಐದು ವಿಧಿಗಳನ್ನು ನೆನಪಿಸುತ್ತ ನಿಂತಿವೆ.

ಅಲ್ಲಿಂದ ದಕ್ಷಿಣಕ್ಕೆ, ಜೆರಾಯ್ ಬೆಟ್ಟದ ತಪ್ಪಲಿನಲ್ಲಿರುವುದೇ ಬುಜಾಂಗ್ ಕಣಿವೆ. ಭಾರತದಿಂದ ಹೋದವನ ಹೆಜ್ಜೆ ಇಲ್ಲಿ ತಾನಾಗಿ ನಿಧಾನವಾಗುತ್ತದೆ. ಮೆರ್ಬೋಕ್ ಗ್ರಾಮದ ವಸ್ತುಸಂಗ್ರಹಾಲಯದ ಆವರಣದಲ್ಲಿ, ತೊರೆಯ ಕಲರವದ ನಡುವೆ, ಬುಕಿತ್ ಬಾತು ಪಹಾತ್ ಎಂಬ ಗುಡಿಯ ತಳಹದಿಯಿದೆ. ಗರ್ಭಗುಡಿಯ ಪೀಠ, ಮಂಟಪದ ನೆಲ, ಕಂಬಗಳನ್ನು ಊರಿದ ಕಲ್ಲುಗಳು: ಉಳಿದಿರುವುದು ಇಷ್ಟೆ. ಮೇಲಿನ ಮರದ ಕಟ್ಟಡವನ್ನು ಮಳೆಗಾಳಿಗಳು ಎಂದೋ ನುಂಗಿವೆ. 1936-37ರಲ್ಲಿ ಕ್ವಾರಿಚ್ ವೇಲ್ಸ್ ದಂಪತಿಗಳು ಈ ಕಣಿವೆಯನ್ನು ಶೋಧಿಸಿದರು. 1959-60ರಲ್ಲಿ ಅಲಸ್ಟೇರ್ ಲ್ಯಾಂಬ್ ಈ ಗುಡಿಯನ್ನು ಅಗೆದು ಜೋಡಿಸಿದಾಗ ಅಡಿಪಾಯದೊಳಗೆ ಪುಟ್ಟ ಕಲ್ಲಿನ ಕರಂಡಕಗಳು ದೊರೆತವು.

ಇಷ್ಟು ದೂರ ಈ ಗುಡಿಗಳು ಬಂದುದು ಹೇಗೆ? ಗಾಳಿಯೇ ಇದಕ್ಕೆ ಉತ್ತರ. ನೈಋತ್ಯ ಮಾರುತ ಬೀಸಿದಾಗ ವರ್ತಕರು ಬರುವರು. ಮರಳಲು ಈಶಾನ್ಯ ಮಾರುತಕ್ಕಾಗಿ ತಿಂಗಳುಗಟ್ಟಲೆ ಕಾಯುವರು. ಕಾಯುವವರಿಗೆ ನೆರಳು ಬೇಕು, ನೀರು ಬೇಕು, ಕೈಮುಗಿಯಲೊಂದು ದೇವರೂ ಬೇಕು. ಸಮೀಪದ ಸುಂಗೈ ಬಾತುವಿನಲ್ಲಿ ದೊರೆತ ಪುರಾತನ ಕುಲುಮೆಗಳು ಈ ನಾಡು ಬರಿಯ ತಂಗುದಾಣವಲ್ಲ, ಕಬ್ಬಿಣವನ್ನು ಕರಗಿಸಿ ಮಾರಿದ ನಾಡೆಂದೂ ಸಾರುತ್ತವೆ. ಸಂಪತ್ತಿದ್ದಲ್ಲಿಗೆ ಖಡ್ಗವೂ ಬರುತ್ತದೆ. ಕಲ್ಯಾಣದ ಚಾಲುಕ್ಯರೊಡನೆ ಕಾದಾಡಿದ ರಾಜೇಂದ್ರ ಚೋಳನೇ 1025ರ ಸುಮಾರಿಗೆ ನೌಕಾಸೇನೆಯನ್ನು ಕಳುಹಿಸಿ ಇದನ್ನು ಗೆದ್ದು, 'ಕಡಾರಂಕೊಂಡ'ನೆಂದು ಬಿರುದು ಧರಿಸಿದನು. ಆ ಕಡಾರವೇ ಇಂದಿನ ಕೆಡಾ.

ಚೋಳನ ದಂಡಯಾತ್ರೆಯನ್ನೂ ಸಹಿಸಿ ಉಳಿದ ಕಲ್ಲುಗಳಿಗೆ ಕೇಡು ಬಂದುದು ತೀರ ಈಚೆಗೆ. ಸಾವಿರ ವರ್ಷಕ್ಕೂ ಹಿಂದಿನದೆನ್ನಲಾದ, ಹನ್ನೊಂದನೆಯ ಸಂಖ್ಯೆಯ ಗುಡಿಯ ಅವಶೇಷ ಖಾಸಗಿ ಜಮೀನಿನಲ್ಲಿತ್ತು. ನೆಲ ಸಮಮಾಡುವ ಯಂತ್ರಗಳು ಅದನ್ನು ಕೆಡವಿಹಾಕಿದ ಸುದ್ದಿ 2013ರ ಕೊನೆಯಲ್ಲಿ ಹೊರಬಿದ್ದಿತು. ಅದು ಪುರಾತನ ಸ್ಥಳವೆಂದು ತಮಗೆ ತಿಳಿದಿರಲಿಲ್ಲವೆಂಬುದು ಕೆಡವಿದವರ ಸಮಾಧಾನ. ಮಲೇಷಿಯದಲ್ಲಿ ಜಾತಿಮತಗಳ ಭೇದವಿಲ್ಲದೆ ಅನೇಕರು ನೊಂದು ದನಿಯೆತ್ತಿದರು. ಆದರೆ ಹೋದದ್ದು ಹೋಯಿತು.

ಹಾಳಾದ ಗುಡಿಯಲ್ಲಿ ಪೂಜೆಯಿಲ್ಲ, ಜಾತ್ರೆಯಿಲ್ಲ, ಕಾಯುವ ಅರ್ಚಕನೂ ಇಲ್ಲ. ಅದನ್ನು ಕಾಪಾಡಬಲ್ಲುದು ಅರಿವೊಂದೇ. ಇದು ಇಂಥದೆಂದು ನಾಲ್ಕು ಜನ ಬಲ್ಲರೆ ಯಂತ್ರ ತಡೆದು ನಿಲ್ಲುತ್ತದೆ. ಲಂಕಾವಿಯ ಮರಳಿನಲ್ಲಿ ಮೂರು ದಿನ ಕಳೆಯುವವರು ಒಂದು ದಿನವನ್ನು ಬುಜಾಂಗ್ ಕಣಿವೆಗೆ ಮೀಸಲಿಟ್ಟರೆ ಅದು ವಿಹಾರವಷ್ಟೇ ಆಗದು; ಆ ಕಲ್ಲುಗಳಿಗೆ ನೀಡಿದ ಕಾವಲೂ ಆದೀತು. ಸಂಜೆ ಸಂಗ್ರಹಾಲಯದ ಮೆಟ್ಟಿಲಿಳಿದು ಬಂದು ತಲೆಯೆತ್ತಿದರೆ ಜೆರಾಯ್ ಬೆಟ್ಟ ಮಂಜು ಹೊದ್ದು ನಿಂತಿರುತ್ತದೆ, ಇನ್ನೂ ಯಾರಿಗೋ ದಾರಿ ತೋರಿಸಬೇಕಾಗಿದೆಯೆಂಬಂತೆ.