ಎಡಗಡೆಯ ಕಿಟಕಿ

ಕಿಟಕಿ ಪಕ್ಕದ ಸೀಟು ಹೆಂಗಸರ ಪಾಲಿಗೆ ಬರುವುದು ಅಪರೂಪ. ಚಿಕ್ಕಂದಿನಲ್ಲಿ ಅದು ತಮ್ಮನಿಗೆ, ಮದುವೆಯಾದ ಮೇಲೆ ಮಕ್ಕಳಿಗೆ, ಆಮೇಲೆ ವಾಂತಿ ಬರುತ್ತದೆ ಎನ್ನುವ ಅತ್ತೆಗೆ. ನಮಗೆ ಉಳಿಯುವುದು ಎಲ್ಲರ ಬ್ಯಾಗುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಕೆಲಸ. ಹಾಗಾಗಿ ಮುಂಬೈಯಲ್ಲಿರುವ ಮಗಳು ಮೇ ರಜೆಗೆಂದು ಮಂಗಳೂರಿನಿಂದ ವಿಮಾನದ ಟಿಕೆಟು ತೆಗೆದು, "ಅಮ್ಮ, ನಿಂಗೆ ಯಾವ ಸೀಟು ಬೇಕು?" ಎಂದು ಕೇಳಿದಾಗ ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ಕಿಟಕಿಗೆ ಬೇರೆ ದುಡ್ಡು ಕೊಡಬೇಕಂತೆ. "ನಾಳೆ ಹೇಳ್ತೇನೆ" ಎಂದೆ.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ಆ ರಾತ್ರಿ ಅಟ್ಲಾಸು ಬಿಡಿಸಿಕೊಂಡು ಕೂತೆ. ಮಂಗಳೂರಿನಿಂದ ಮುಂಬೈ ಉತ್ತರಕ್ಕೆ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಬೆಳಗಿನ ವಿಮಾನವಾದರೆ ಬಿಸಿಲು ಬಲಗಡೆ, ಸಂಜೆಯದಾದರೆ ಎಡಗಡೆ. ನನ್ನದು ನಾಲ್ಕು ಗಂಟೆಯ ವಿಮಾನ. ನೆರಳು ಬೇಕೆಂದರೆ ಬಲಗಡೆಯೇ ಸರಿ.

ಆದರೆ ಊರು ಚೆನ್ನಾಗಿ ಕಾಣುವುದು ಇಳಿಯುವಾಗ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮೇ ತಿಂಗಳ ಸಂಜೆ ಮುಂಬೈಗೆ ಗಾಳಿ ಬರುವುದು ಸಾಮಾನ್ಯವಾಗಿ ಪಡುಗಡಲಿನ ಕಡೆಯಿಂದ. ಅಂಧೇರಿ ಬಳಿಯ ಹಳೆಯ ನಿಲ್ದಾಣದ ಮುಖ್ಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅಂದರೆ ವಿಮಾನ ಪೂರ್ವದಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಆಗ ಬಲಗಡೆಯವರಿಗೆ ಪೊವಾಯಿ ಮತ್ತು ವಿಹಾರ್ ಕೆರೆಗಳು, ಅವುಗಳ ಆಚೆ ಹಸಿರು ಗುಡ್ಡ. ಎಡಗಡೆಯವರಿಗೆ ದಕ್ಷಿಣದ ಕಿಕ್ಕಿರಿದ ಮುಂಬೈ. ಗಾಳಿ ತಿರುಗಿದರೆ ಮಾತ್ರ ಈ ಲೆಕ್ಕವೂ ತಿರುಗುತ್ತದೆ. ಇನ್ನೊಂದು ಮಾತು: ರೆಕ್ಕೆಯ ನೇರಕ್ಕೆ ಕೂತರೆ ದುಡ್ಡು ಕೊಟ್ಟು ರೆಕ್ಕೆ ನೋಡಿದ ಹಾಗೆ. ಅದಕ್ಕಿಂತ ಮುಂದಿನ ಸಾಲು ಕೇಳಬೇಕು. ಸಾಲಿಗೆ ಆರು ಸೀಟಿನ ವಿಮಾನದಲ್ಲಿ ಎಡಗಿಟಕಿಗೆ 'ಎ', ಬಲಗಿಟಕಿಗೆ 'ಎಫ್'.

ಚೆಂದದ ನೋಟ ಬೇಕಾದವರು 'ಎಫ್' ಕೇಳಲಿ. ನಾನು 'ಎ' ಕೇಳಿದೆ. ಏಕೆಂದರೆ ಮಾಟುಂಗ ಇರುವುದು ಆ ಕಡೆಗೆ.

ನಮ್ಮ ಅಪ್ಪ ಹದಿನಾಲ್ಕರ ಹರೆಯದಲ್ಲಿ ಮಾಟುಂಗದ ಹೋಟೆಲೊಂದಕ್ಕೆ ತಟ್ಟೆ ತೊಳೆಯಲು ಹೋದವರು. ರಾತ್ರಿ ಶಾಲೆಯಲ್ಲಿ ಓದಿದರು; ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ತನಕ ಏರಿದರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ನನ್ನ ಬಾಲ್ಯದಲ್ಲಿ ಅವರು ಬರುತ್ತಿದ್ದದ್ದು ಬಸ್ಸಿನಲ್ಲಿ, ವರ್ಷಕ್ಕೊಮ್ಮೆ. ಮಲಗಿಸುವಾಗ ಅವರಿಗೆ ಜೋಗುಳ ಬರುತ್ತಿರಲಿಲ್ಲ. ಲೋಕಲ್ ರೈಲಿನ ನಿಲ್ದಾಣಗಳ ಹೆಸರು ಹೇಳುತ್ತಿದ್ದರು: ಘಾಟ್ಕೋಪರ್, ವಿದ್ಯಾವಿಹಾರ್, ಕುರ್ಲಾ, ಸಯನ್, ಮಾಟುಂಗ. ನಮ್ಮಮ್ಮನಿಗೆ ಮುಂಬೈ ಎಂದರೆ ಮನಿಆರ್ಡರ್ ಫಾರಂ, ಅದರ ಅಡಿಯಲ್ಲಿ ಎರಡು ಸಾಲು ಕ್ಷೇಮ ಸಮಾಚಾರ. ನಮ್ಮ ಅಪ್ಪನನ್ನು ವರ್ಷದ ಹನ್ನೊಂದು ತಿಂಗಳು ಇಟ್ಟುಕೊಂಡ ಊರನ್ನು ಒಂದು ಸಲ ಮೇಲಿನಿಂದ ಪೂರ್ತಿ ನೋಡಬೇಕೆಂಬ ಹಟ ನನಗೆ.

ವಿಮಾನದಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ಒಬ್ಬ ಯುವಕ ಬಂದ. "ಆಂಟಿ, ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ಆಗಿದ್ದೇವೆ. ನೀವು ಹಿಂದೆ ನಡುವಿನ ಸೀಟಿಗೆ ಹೋಗ್ತೀರಾ? ನಿಮಗೆ ಎಲ್ಲಾದರೂ ಒಂದೇ ಅಲ್ವಾ?" ಕೇಳಿದ ರೀತಿಯಲ್ಲಿ ಒರಟುತನವೇನೂ ಇರಲಿಲ್ಲ. ಆ ಕಡೆಯ ಮಾತು ಮಾತ್ರ ನನ್ನನ್ನು ಚುಚ್ಚಿತು. ಎಲ್ಲಾದರೂ ಒಂದೇ! "ಒಂದೇ ಅಲ್ಲ ಮಗಾ, ನಂಗೆ ಈ ಕಡೆ ನೋಡ್ಲಿಕ್ಕುಂಟು" ಎಂದೆ. ಅವನು ನಕ್ಕು ಹೋದ. ಇಷ್ಟು ಸುಲಭವೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ನೋಡಿ.

ದಾರಿಯುದ್ದಕ್ಕೂ ಬಿಸಿಲು ಮುಖಕ್ಕೆ ಹೊಡೆಯಿತು. ಸೆರಗು ಅಡ್ಡ ಹಿಡಿದೆ. ವಿಮಾನ ಎಡಕ್ಕೆ ವಾಲಿ ಪಶ್ಚಿಮಕ್ಕೆ ತಿರುಗಿದ ಮೇಲೆ ಬಿಸಿಲು ಕಣ್ಣಿನಿಂದ ಆಚೆ ಸರಿಯಿತು. ಕೆಳಗೆ ಥಾಣೆ ಕೊಲ್ಲಿಯ ಕೆಸರು, ಕಾಂಡ್ಲಾ ಗಿಡಗಳ ಹಸಿರು, ವಾಶಿ ಸೇತುವೆ. ದೂರದ ಮಬ್ಬಿನಲ್ಲಿ ಗೆರೆ ಎಳೆದಂತೆ 2024ರಲ್ಲಿ ತೆರೆದ ಅಟಲ್ ಸೇತು. ಉದ್ದ ಸುಮಾರು 22 ಕಿಲೋಮೀಟರ್. ಆಮೇಲೆ ಒಮ್ಮೆಗೇ ಮನೆಗಳು, ಮನೆಗಳು, ತಗಡಿನ ಮಾಡಿಗೆ ನೀಲಿ ತಾಡಪಾಲು. ಅವುಗಳ ನಡುವೆ ದಕ್ಷಿಣಕ್ಕೆ ಹೊರಟ ರೈಲು ಹಳಿ.

ಮಾಟುಂಗ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಹಳಿಯ ಜೊತೆ ಕಣ್ಣು ಹಾಯಿಸಿ ವಿದ್ಯಾವಿಹಾರ್, ಕುರ್ಲಾ, ಸಯನ್ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮಾಟುಂಗ ಎನ್ನುವುದರೊಳಗೆ ಚಕ್ರ ನೆಲಕ್ಕೆ ತಾಗಿತು. ಅಪ್ಪ ನಲವತ್ತು ವರ್ಷ ಓಡಾಡಿದ ದಾರಿ ನನ್ನ ಕಿಟಕಿಯಲ್ಲಿ ಅರ್ಧ ನಿಮಿಷಕ್ಕೆ ಮುಗಿದಿತ್ತು.

ಊರಿಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೀಗ ಎಂಬತ್ತೆರಡು. ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ಮನೆ ಇರುವ ಊರಲ್ಲಿ ಅವರಿಗೆ ಮಲಗ್ಲಿಕ್ಕೆ ಹೋಟೆಲಿನ ಅಟ್ಟವೇ ಆಯಿತಲ್ಲ" ಎಂದಳು. ಮತ್ತೆ ಮೆಲ್ಲಗೆ, "ಎಡಗಡೆಯಾ ಅಂದದ್ದು ನೀನು?" ಎಂದು ಕೇಳಿದಳು.

ಈ ಸಲ ಅಮ್ಮನಿಗೆ 'ಎ', ನನಗೆ ಪಕ್ಕದ 'ಬಿ'. ಮಗಳಿಗೆ ಹೇಳಿಯಾಗಿದೆ.